ಹೆಡ್ ಇಳಿಸುವ ಮುನ್ನ ಇಜಿಆರ್ ಕೂಲರ್ ನೋಡಿ: ಬಿಸಿಯಾಗುವ, ನೀರು ಕುಡಿಯುವ ಡೀಸೆಲ್ ಎಂಜಿನ್‌ನ ದೋಷ ಪತ್ತೆ

ಆ ಪಿಕಪ್ ಗಾಡಿ ನನ್ನ ಕೈಗೆ ಬರುವಷ್ಟರಲ್ಲಿ ಅದರ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲೆ ಮುಚ್ಚಳದ ಹಾಗೆ ಕೂರುವ ಭಾಗ, ಎರಡು ಸಲ ಇಳಿದು ಹತ್ತಿತ್ತು. ಮೊದಲ ಸಲ ಗ್ಯಾಸ್ಕೆಟ್ ಬದಲಿಸಿದ್ದರು, ಎರಡನೇ ಸಲ ಫೇಸಿಂಗ್ ಮಾಡಿಸಿ ಮತ್ತೊಂದು ಗ್ಯಾಸ್ಕೆಟ್ ಹಾಕಿದ್ದರು. ದೂರು ಮಾತ್ರ ಇದ್ದಲ್ಲೇ ಇತ್ತು: ಮುನ್ನೂರು ಕಿಲೋಮೀಟರ್ ಓಡಿದರೆ ಹೆಚ್ಚುಕಡಿಮೆ ಒಂದು ಲೀಟರ್ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ನೀರು, ಮಾಯ. ನೆಲದ ಮೇಲೆ ಒಂದು ಹನಿಯೂ ಇಲ್ಲ, ಆಯಿಲ್ ಬೆಳ್ಳಗಾಗಿಲ್ಲ, ಆದರೆ ಏರು ಹತ್ತಿಸಿದರೆ ಟ್ಯಾಂಕಿನಲ್ಲಿ ಗುಳ್ಳೆ. ಇಜಿಆರ್, ಅಂದರೆ ಉರಿದ ಗ್ಯಾಸನ್ನು ಸ್ವಲ್ಪ ವಾಪಸ್ ಎಂಜಿನ್ನಿಗೆ ಬಿಡುವ ವ್ಯವಸ್ಥೆ, ಅದರ ವಾಲ್ವ್ ಬಿಚ್ಚಿ ಟಾರ್ಚ್ ಹಿಡಿದೆ. ಒಣಗಿ ಪುಡಿಯಾಗಿರಬೇಕಿದ್ದ ಮಸಿ ಹಳೇ ಗ್ರೀಸಿನ ಹಾಗೆ ಬೆರಳಿಗೆ ಮೆತ್ತಿಕೊಂಡಿತು. ಆ ಗ್ಯಾಸನ್ನು ತಣಿಸುವ ಕೂಲರಿನ ಬಾಯಿಯ ಕೆಳಮೂಲೆಯ ಎರಡು ಕೊಳವೆಗಳು ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿದ್ದವು, ಅವುಗಳ ಅಂಚಿಗೆ ಬಿಳಿ ಚಕ್ಕೆ ಕಟ್ಟಿತ್ತು. ನೀರು ಸೋರುತ್ತಿದ್ದದ್ದು ಅಲ್ಲಿಂದ, ಹೆಡ್ಡಿಗೂ ಈ ಕಾಯಿಲೆಗೂ ಸಂಬಂಧವೇ ಇರಲಿಲ್ಲ.

ಇಂಥದ್ದನ್ನು ಆಮೇಲೆ ಬೇಕಾದಷ್ಟು ಸಲ ಕಂಡಿದ್ದೇನೆ. ಇಜಿಆರ್ ಅಂದರೆ ಹೊಗೆಗೆ ಸಂಬಂಧಪಟ್ಟದ್ದು, ಕೂಲಿಂಗ್ ಅಂದರೆ ರೇಡಿಯೇಟರಿಗೆ ಸಂಬಂಧಪಟ್ಟದ್ದು ಎಂದು ಎರಡನ್ನೂ ಬೇರೆ ಬೇರೆ ಖಾತೆಗೆ ಹಾಕಿಕೊಂಡಿರುವುದೇ ಎಡವಟ್ಟಿಗೆ ಮೂಲ. ಇಜಿಆರ್ ಕೂಲರ್ ಎಂಬುದು ಒಂದು ಕಡೆ 600 ಡಿಗ್ರಿ ಗ್ಯಾಸ್, ಇನ್ನೊಂದು ಕಡೆ 90 ಡಿಗ್ರಿ ನೀರು, ನಡುವೆ ತೆಳು ಸ್ಟೇನ್‌ಲೆಸ್ ತಗಡು. ಕೂಲಿಂಗ್ ವ್ಯವಸ್ಥೆಯಲ್ಲಿ ಅದಕ್ಕಿಂತ ಕಷ್ಟದ ಕೆಲಸ ಮಾಡುವ ಭಾಗಗಳು ಹೆಚ್ಚಿಲ್ಲ.

ನೀರಿಗೆ ಎಷ್ಟು ಶಾಖ ಸೇರುತ್ತದೆ

ಸಿಲಿಂಡರಿನೊಳಗೆ ಉರಿ ಅತಿಯಾಗಿ ಬಿಸಿಯಾದರೆ ಗಾಳಿಯ ನೈಟ್ರೋಜನ್ನೂ ಆಕ್ಸಿಜನ್ನೂ ಕೂಡಿ ನೈಟ್ರೋಜನ್ ಆಕ್ಸೈಡ್‌ಗಳಾಗುತ್ತವೆ. ಉರಿದು ಮುಗಿದ ಗ್ಯಾಸನ್ನೇ ಸ್ವಲ್ಪ ವಾಪಸ್ ಒಳಗೆ ಬಿಟ್ಟರೆ ಆಕ್ಸಿಜನ್ ಪಾಲು ಇಳಿಯುತ್ತದೆ. ಆ ಗ್ಯಾಸಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಶಾಖವನ್ನೂ ಹೀರುತ್ತವೆ, ಹಾಗಾಗಿ ಉರಿಯ ತುದಿಬಿಸಿ ತಗ್ಗುತ್ತದೆ. ಗ್ಯಾಸನ್ನು ಬಿಸಿಬಿಸಿಯಾಗಿಯೇ ಬಿಟ್ಟರೆ ಅದು ಉಬ್ಬಿ, ಒಳಗೆ ಹೋಗಬೇಕಾದ ಹೊಸ ಗಾಳಿಯ ಜಾಗ ತಿನ್ನುತ್ತದೆ. ಅದಕ್ಕೇ ಕೂಲರ್. ಕೂಲರ್ ಕಿತ್ತುಕೊಂಡ ಶಾಖ ಗಾಳಿಗೆ ಹೋಗುವುದಿಲ್ಲ, ಎಂಜಿನ್ ನೀರಿಗೆ ಹೋಗುತ್ತದೆ, ಅಲ್ಲಿಂದ ರೇಡಿಯೇಟರಿಗೆ. ಮೊದಲಾದರೆ ಸೈಲೆನ್ಸರ್ ದಾರಿಯಲ್ಲಿ ಹೊರಗೆ ಹೋಗುತ್ತಿದ್ದ ಶಾಖವನ್ನು ಈಗ ರೇಡಿಯೇಟರ್ ಹೊರಬೇಕು.

ಎಷ್ಟು ಎಂದು ಲೆಕ್ಕ ಹಾಕಿಯೇ ನೋಡೋಣ. ಎರಡು ಲೀಟರಿನ ಎಂಜಿನ್ 2000 ಆರ್‌ಪಿಎಂನಲ್ಲಿ ಟರ್ಬೋ ಒತ್ತಡ ಹೆಚ್ಚಿಲ್ಲದೆ ಓಡುವಾಗ ಗಾಳಿ, ಗ್ಯಾಸ್ ಸೇರಿ ಸೆಕೆಂಡಿಗೆ ಸುಮಾರು 40 ಗ್ರಾಂ ಎಳೆದುಕೊಳ್ಳುತ್ತದೆ. ಅದರಲ್ಲಿ ಕಾಲುಭಾಗ ಇಜಿಆರ್ ಎಂದಿಟ್ಟುಕೊಂಡರೆ 10 ಗ್ರಾಂ. ಅದು 450 ಡಿಗ್ರಿಯಲ್ಲಿ ಕೂಲರ್ ಹೊಕ್ಕು 150 ಡಿಗ್ರಿಯಲ್ಲಿ ಹೊರಬಿದ್ದರೆ ನೀರಿಗೆ ಸೇರಿದ್ದು ಸುಮಾರು 3.3 ಕಿಲೋವ್ಯಾಟ್, ಅಂದರೆ ಕೂಲೆಂಟಿನೊಳಗೆ ಮೂರು ಇಸ್ತ್ರಿಪೆಟ್ಟಿಗೆ ಮುಳುಗಿಸಿಟ್ಟ ಹಾಗೆ. ಸರಿಯಾಗಿರುವ ರೇಡಿಯೇಟರಿಗೆ ಇದೇನೂ ಲೆಕ್ಕಕ್ಕಿಲ್ಲ. ಅದೇ 12 ಲೀಟರಿನ ಲಾರಿ ಎಂಜಿನ್ನಿನಲ್ಲಿ, ಟರ್ಬೋ ಒತ್ತಿ ತುಂಬುತ್ತಿರುವಾಗ, ಸೆಕೆಂಡಿಗೆ 80 ಗ್ರಾಂ ಇಜಿಆರ್ 600 ಡಿಗ್ರಿಯಿಂದ 150ಕ್ಕೆ ಇಳಿದರೆ ಅದು 40 ಕಿಲೋವ್ಯಾಟ್ ಹತ್ತಿರ. ಇದು ಆಟವಲ್ಲ. ಅಮೆರಿಕದ ಭಾರಿ ಲಾರಿಗಳಿಗೆ 2002ರ ಅಕ್ಟೋಬರ್‌ನಿಂದ ಕೂಲರ್ ಸಮೇತದ ಇಜಿಆರ್ ಬಂದಾಗ ರೇಡಿಯೇಟರ್, ಫ್ಯಾನ್ ಎಲ್ಲ ದೊಡ್ಡದಾಗಬೇಕಾಗಿ ಬಂದದ್ದು ಇದಕ್ಕೇ.

ಇನ್ನೊಂದು ಸುತ್ತುಬಳಸಿನ ಪೆಟ್ಟೂ ಇದೆ. ಇಜಿಆರ್ ಕಸಿದುಕೊಂಡ ಆಕ್ಸಿಜನ್ ತುಂಬಿಕೊಡಲು ಟರ್ಬೋ ಹೆಚ್ಚು ಒತ್ತಬೇಕು, ಒತ್ತಿದ ಗಾಳಿ ಬಿಸಿಯಾಗುತ್ತದೆ, ಆ ಬಿಸಿ ಇಂಟರ್‌ಕೂಲರಿನಲ್ಲಿ ಹೊರಬರುತ್ತದೆ. ಇಂಟರ್‌ಕೂಲರ್ ಸಾಮಾನ್ಯವಾಗಿ ಇರುವುದು ರೇಡಿಯೇಟರಿನ ಮುಂದೆಯೇ. ರೇಡಿಯೇಟರಿಗೆ ಸಿಗುವುದು ಆಗಲೇ ಬೆಚ್ಚಗಾದ ಗಾಳಿ.

ಮೊದಲ ಪ್ರಶ್ನೆ: ನೀರು ಇಳಿಯುತ್ತಿದೆಯೋ, ಟೆಂಪರೇಚರ್ ಮುಳ್ಳು ಏರುತ್ತಿದೆಯೋ

ಗಾಡಿ ತಂದವರು "ಹೀಟ್ ಆಗುತ್ತೆ" ಎಂದಷ್ಟೇ ಹೇಳುತ್ತಾರೆ. ಅದರ ಹಿಂದೆ ಎರಡು ಬೇರೆ ಕಾಯಿಲೆ ಇರಬಹುದು: ನೀರು ಕಡಿಮೆಯಾಗಿ ಬಿಸಿಯಾಗುವುದು, ನೀರು ತುಂಬಿದ್ದರೂ ಬಿಸಿಯಾಗುವುದು. ಇವನ್ನು ಮೊದಲ ದಿನವೇ ಬೇರ್ಪಡಿಸಿಕೊಳ್ಳದಿದ್ದರೆ ಮುಂದಿನ ಪರೀಕ್ಷೆಗಳೆಲ್ಲ ದಾರಿ ತಪ್ಪುತ್ತವೆ. ನಾನು ಮಾಡುವುದು ಇಷ್ಟು: ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಎಕ್ಸ್‌ಪ್ಯಾನ್ಷನ್ ಟ್ಯಾಂಕಿನ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಚೂರು ಟೇಪ್ ಅಂಟಿಸಿ ಎರಡು ದಿನ ಓಡಿಸಲು ಹೇಳುತ್ತೇನೆ. ಅಳತೆ ತೆಗೆಯುವುದು ತಣ್ಣಗಿದ್ದಾಗಲೇ, ಬಿಸಿ ನೀರು ಉಬ್ಬಿ ಸುಳ್ಳು ಹೇಳುತ್ತದೆ.

ಮುಚ್ಚಳ ತೆಗೆಯುವುದೂ ತಣ್ಣಗಿದ್ದಾಗಲೇ. ಅರ್ಧ ನೀರು, ಅರ್ಧ ಗ್ಲೈಕಾಲ್ ಇರುವ ಕೂಲೆಂಟ್ ಬಯಲಿನಲ್ಲಿ 107 ಡಿಗ್ರಿ ಆಸುಪಾಸಿನಲ್ಲಿ ಕುದಿಯುತ್ತದೆ. ಮುಚ್ಚಳ ಒಂದು ಬಾರ್ ಒತ್ತಡ ಹಿಡಿದರೆ 129ರವರೆಗೂ ಕುದಿಯದೆ ಕೂರುತ್ತದೆ. 115 ಡಿಗ್ರಿಯಲ್ಲಿ ಮುಚ್ಚಳ ತಿರುಗಿಸಿದವರ ಮುಖಕ್ಕೆ ಏನು ಬರುತ್ತದೆ ಎಂದು ವಿವರಿಸಬೇಕಾಗಿಲ್ಲ. ಚೆಲ್ಲಿದ ಗ್ಲೈಕಾಲ್ ಒರೆಸಿಬಿಡಿ. ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು ನೆಕ್ಕುತ್ತವೆ, ಅದು ವಿಷ.

ನೀರು ಇಳಿಯುತ್ತಿದ್ದರೆ

ಹೊರಗಿನ ಸೋರಿಕೆ ಮೊದಲು. ಹೋಸ್ ಕ್ಲ್ಯಾಂಪ್, ವಾಟರ್ ಪಂಪಿನಲ್ಲಿ ಸೀಲ್ ಹೋದರೆ ನೀರು ಜಿನುಗುವ ತೂತು, ರೇಡಿಯೇಟರಿನ ಪ್ಲಾಸ್ಟಿಕ್ ಅಂಚು, ಹೀಟರ್ ಕೋರ್, ಟ್ಯಾಂಕ್ ಮುಚ್ಚಳದ ರಬ್ಬರ್. ಎಂಜಿನ್ ತಣ್ಣಗಿದ್ದಾಗ ಪಂಪ್ ಟೆಸ್ಟರ್ ಹಾಕಿ ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಅರ್ಧ ಗಂಟೆ ಬಿಡಿ. ಟೆಸ್ಟರಿನ ಮುಳ್ಳು ಇಳಿದೂ ಹೊರಗೆಲ್ಲೂ ತೇವ ಕಾಣದಿದ್ದರೆ ನೀರು ಒಳಗೇ ಎಲ್ಲಿಗೋ ಹೋಗುತ್ತಿದೆ. ದಾರಿ ಹೆಚ್ಚಿಲ್ಲ: ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಬಿರುಕು, ಸಿಲಿಂಡರಿನ ಒಳಕವಚವಾದ ಲೈನರ್, ಆಯಿಲ್ ಕೂಲರ್, ಇಜಿಆರ್ ಕೂಲರ್.

ಇಲ್ಲಿ ಎಲ್ಲರೂ ಬ್ಲಾಕ್ ಟೆಸ್ಟ್ ಮಾಡುತ್ತಾರೆ, ನೀಲಿ ದ್ರಾವಣದ ಕೊಳವೆಯನ್ನು ಟ್ಯಾಂಕ್ ಬಾಯಿಗಿಟ್ಟು ಬಣ್ಣ ತಿರುಗುತ್ತದೋ ನೋಡುವುದು. ತಿರುಗಿದರೆ "ಹೆಡ್ ಗ್ಯಾಸ್ಕೆಟ್ ಹೋಗಿದೆ" ಎಂದು ತೀರ್ಪು. ಆ ದ್ರಾವಣ ಗುರುತಿಸುವುದು ಕಾರ್ಬನ್ ಡೈಆಕ್ಸೈಡನ್ನು. ಅದು ಸಿಲಿಂಡರಿನಿಂದ ಬಂತೋ ಇಜಿಆರ್ ಕೂಲರಿನಿಂದ ಬಂತೋ ಅದಕ್ಕೆ ಗೊತ್ತಾಗುವುದಿಲ್ಲ, ಎರಡರಲ್ಲೂ ಇರುವುದು ಅದೇ ಉರಿದ ಗ್ಯಾಸ್. ಬ್ಲಾಕ್ ಟೆಸ್ಟ್ ಪಾಸಿಟಿವ್ ಬಂದರೆ ಕೂಲೆಂಟಿಗೆ ಗ್ಯಾಸ್ ಸೇರುತ್ತಿದೆ ಎಂದಷ್ಟೇ ಅರ್ಥ. ನೆಗೆಟಿವ್ ಬಂದರೂ ನೆಮ್ಮದಿ ಬೇಡ. ಡೀಸೆಲ್ ಎಂಜಿನ್ ಐಡಲ್‌ನಲ್ಲಿ ಬೇಕಿರುವುದಕ್ಕಿಂತ ಎಷ್ಟೋ ಹೆಚ್ಚು ಗಾಳಿ ಎಳೆಯುವುದರಿಂದ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ತೆಳುವಾಗಿರುತ್ತದೆ, ಬಣ್ಣ ನಿಧಾನವಾಗಿ ತಿರುಗುತ್ತದೆ, ಕೆಲವೊಮ್ಮೆ ಹಳದಿಗೆ ಹೋಗದೆ ಹಸಿರಿಗೇ ನಿಲ್ಲುತ್ತದೆ.

ಎರಡನ್ನೂ ಬೇರ್ಪಡಿಸಲು ಒತ್ತಡದ ಲೆಕ್ಕ ತಲೆಯಲ್ಲಿರಬೇಕು. ಸಿಲಿಂಡರಿನಲ್ಲಿ ಉರಿಯುವ ಗಳಿಗೆಯ ಒತ್ತಡ ನೂರು ಬಾರ್ ದಾಟುತ್ತದೆ. ಗ್ಯಾಸ್ಕೆಟ್ ಸೀಳಿದ್ದರೆ ಗ್ಯಾಸ್ ತಣ್ಣಗಿನ ಐಡಲ್‌ನಲ್ಲೂ ನೀರಿಗೆ ನುಗ್ಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ, ನೀರು ಇನ್ನೂ ಬೆಚ್ಚಗಾಗದೆ ಇರುವಾಗಲೇ, ಮೇಲಿನ ಹೋಸ್ ಗಟ್ಟಿಯಾದರೆ ನನ್ನ ಅನುಮಾನ ಹೆಡ್ ಕಡೆಗೇ. ಇಜಿಆರ್ ಕೂಲರಿನ ಗ್ಯಾಸ್ ಬದಿಯಲ್ಲಿ ಐಡಲ್‌ನಲ್ಲಿ ಒತ್ತಡ ಇಲ್ಲವೆನ್ನುವಷ್ಟು ಕಡಿಮೆ, ಬಿಸಿಯಾದ ಕೂಲೆಂಟಿನ ಒತ್ತಡವೇ ಹೆಚ್ಚು. ಹಾಗಾಗಿ ಐಡಲ್‌ನಲ್ಲೂ, ಆಫ್ ಮಾಡಿ ನಿಲ್ಲಿಸಿದ ಮೇಲೂ ನೀರು ಗ್ಯಾಸ್ ಬದಿಗೆ ಜಿನುಗುತ್ತದೆ. ಏರು ಹತ್ತುವಾಗ, ಟರ್ಬೋಗೆ ಮುಂಚಿನ ಎಕ್ಸಾಸ್ಟ್ ಒತ್ತಡ ಒಂದೂವರೆ ಎರಡು ಬಾರ್‌ಗೆ ಏರಿದಾಗ ಆಟ ತಿರುಗುಮುರುಗಾಗಿ ಗ್ಯಾಸ್ ನೀರಿಗೆ ಬರುತ್ತದೆ. ಐಡಲ್‌ನಲ್ಲಿ ಸುಮ್ಮನಿದ್ದು ಲೋಡ್‌ನಲ್ಲಿ ಮಾತ್ರ ಗುಳ್ಳೆ ಎದ್ದರೆ ಕೂಲರ್ ಮೇಲೆ ಕಣ್ಣಿಡಿ. ನೂರಕ್ಕೆ ನೂರು ಖಾತ್ರಿಯಲ್ಲ. ಸಣ್ಣ ಹೆಡ್ ಬಿರುಕೂ ಬಿಸಿಯಾದ ಮೇಲಷ್ಟೇ ಬಾಯಿ ಬಿಡುವುದುಂಟು.

ಈ ಲೆಕ್ಕ ಹೈ ಪ್ರೆಷರ್ ಇಜಿಆರ್‌ಗೆ, ಅಂದರೆ ಟರ್ಬೋಗೆ ಮುಂಚೆಯೇ ಗ್ಯಾಸ್ ಎತ್ತುವ ವ್ಯವಸ್ಥೆಗೆ. ಲೋ ಪ್ರೆಷರ್ ಇಜಿಆರ್ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ದಾಟಿದ ಮೇಲೆ ಗ್ಯಾಸ್ ಎತ್ತಿ, ಟರ್ಬೋದ ಗಾಳಿ ಒತ್ತುವ ಬದಿಯಾದ ಕಂಪ್ರೆಸರಿಗೆ ಮುಂಚೆ ಬಿಡುತ್ತದೆ. ಅಲ್ಲಿ ಗ್ಯಾಸಿನ ಒತ್ತಡ ಕೂಲೆಂಟಿನ ಒತ್ತಡವನ್ನು ಸಾಮಾನ್ಯವಾಗಿ ಮೀರುವುದೇ ಇಲ್ಲ. ಆ ಕೂಲರ್ ಒಡೆದರೆ ಗುಳ್ಳೆ ಬರುವುದಿಲ್ಲ, ಬ್ಲಾಕ್ ಟೆಸ್ಟ್ ನೀಲಿಯಾಗಿಯೇ ಇರುತ್ತದೆ, ನೀರು ಮಾತ್ರ ಸದ್ದಿಲ್ಲದೆ ಖಾಲಿಯಾಗುತ್ತದೆ. ಕಂಪ್ರೆಸರಿನ ಚಕ್ರದ ಮೇಲೆ ಒಣಗಿದ ಬಿಳಿ ಕಲೆ ಸಿಕ್ಕರೆ ಅದೇ ಸಾಕ್ಷಿ.

ಹೊಗೆಯನ್ನೂ ಮೂಸಿ ನೋಡಿ, ದೂರದಿಂದ. ಉರಿಯದ ಡೀಸೆಲಿನ ಬಿಳಿ ಹೊಗೆ ಕಣ್ಣು ಉರಿಸುತ್ತದೆ, ಗಾಳಿಯಲ್ಲಿ ತೇಲುತ್ತಾ ನಿಲ್ಲುತ್ತದೆ. ಕೂಲೆಂಟಿನ ಆವಿ ಸಿಹಿ ವಾಸನೆ ಬರುತ್ತದೆ, ಸ್ವಲ್ಪ ದೂರದಲ್ಲೇ ಕರಗುತ್ತದೆ. ಡಿಪಿಎಫ್ ಇರುವ ಗಾಡಿಗಳಲ್ಲಿ ಸಣ್ಣ ಸೋರಿಕೆ ಕಣ್ಣಿಗೇ ಬೀಳದಿರಬಹುದು.

ಒಂದು ಎಚ್ಚರಿಕೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸ್ಟಾರ್ಟರ್ ತಿರುಗಿಸಿದಾಗ ಠಕ್ ಎಂದು ನಿಂತುಬಿಟ್ಟರೆ, ಬ್ಯಾಟರಿ ಸರಿಯಿದ್ದರೆ, ಎರಡನೇ ಸಲ ತಿರುಗಿಸಬೇಡಿ. ಕೂಲರಿನಿಂದ ಇಳಿದ ನೀರು ಮ್ಯಾನಿಫೋಲ್ಡ್ ದಾಟಿ ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೂತಿರಬಹುದು. ನೀರನ್ನು ಒತ್ತಿ ಕುಗ್ಗಿಸಲಾಗದು, ಬಾಗುವುದು ಕನೆಕ್ಟಿಂಗ್ ರಾಡ್. ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ, ಕೈಯಿಂದ ತಿರುಗಿಸಿ ನೀರು ಹೊರಹಾಕಿದ ಮೇಲೆಯೇ ಮುಂದಿನ ಮಾತು.

ಬೇರ್ಪಡಿಸಿ ನೋಡುವುದು

ನಾನು ಹೆಡ್ ಬೋಲ್ಟಿಗೆ ಕೈ ಹಾಕುವ ಮುಂಚೆ ಮಾಡಲೇಬೇಕು ಎಂದುಕೊಂಡಿರುವ ಪರೀಕ್ಷೆ ಒಂದೇ: ಕೂಲರನ್ನು ಎರಡೂ ಬದಿಯಿಂದ ಆಟದಿಂದ ಹೊರಗಿಡುವುದು. ಕೂಲರಿಗೆ ಬರುವ, ಹೋಗುವ ಎರಡು ನೀರಿನ ಹೋಸ್ ಬಿಚ್ಚಿ ಒಂದು ಪೈಪ್ ತುಂಡಿನಿಂದ ಒಂದಕ್ಕೊಂದು ಜೋಡಿಸಿ. ಗ್ಯಾಸ್ ಬದಿಯಲ್ಲಿ, ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಕೂಲರಿಗೆ ಬರುವ ಫ್ಲೇಂಜಿನಲ್ಲಿ ಉಕ್ಕಿನ ಬ್ಲ್ಯಾಂಕ್ ಪ್ಲೇಟ್ ಕೂರಿಸಿ. ಅಲ್ಯೂಮಿನಿಯಂ ತಗಡು ಬೇಡ, ಅದು 660 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಎಷ್ಟೋ ಮುಂಚೆಯೇ ಮೆತ್ತಗಾಗುತ್ತದೆ. ನೀರು ತಪ್ಪಿಸಿ ಗ್ಯಾಸ್ ಹಾಗೇ ಬಿಟ್ಟರೆ ಒಣ ಕೂಲರ್ ಸುಟ್ಟುಹೋಗುತ್ತದೆ, ಎರಡೂ ಒಟ್ಟಿಗೇ ಆಗಬೇಕು. ಆಮೇಲೆ ನೀರು ತುಂಬಿ, ಗಾಳಿ ತೆಗೆದು, ಲೋಡ್ ಕೊಟ್ಟು ನೋಡಿ. ಗುಳ್ಳೆ ನಿಂತಿತೇ, ಕೂಲರ್ ಸಿಕ್ಕಿಬಿತ್ತು. ನಿಲ್ಲಲಿಲ್ಲವೇ, ಈಗ ಹೆಡ್ ಇಳಿಸಿ, ಯಾರೂ ಬೇಡ ಅನ್ನುವುದಿಲ್ಲ.

ಇದು ಪರೀಕ್ಷೆ ಮಾತ್ರ. ಪ್ಲೇಟ್ ಹಾಗೇ ಬಿಟ್ಟು ಗಾಡಿ ಕಳಿಸುವವರಿದ್ದಾರೆ. "ಇಜಿಆರ್ ಮುಚ್ಚಿದರೆ ಎಂಜಿನ್ ತಣ್ಣಗಿರುತ್ತೆ" ಎಂಬ ಮಾತೂ ಚಾಲ್ತಿಯಲ್ಲಿದೆ. ನೈಟ್ರೋಜನ್ ಆಕ್ಸೈಡ್ ಏರುತ್ತದೆ, ಎಚ್ಚರಿಕೆ ದೀಪ ಬೀಳುತ್ತದೆ, ಬಹುತೇಕ ಕಡೆ ಅದು ಕಾನೂನಿಗೆ ವಿರುದ್ಧ ಕೂಡ. ಎಲ್ಲಕ್ಕಿಂತ ಹೆಚ್ಚಾಗಿ, ಕೂಲರನ್ನು ಒಡೆದ ಮೂಲ ಕಾರಣ ಹಾಗೇ ಒಳಗೆ ಉಳಿದುಕೊಳ್ಳುತ್ತದೆ.

ಇನ್ನೊಂದು ಅಡ್ಡದಾರಿ ಇಜಿಆರ್ ವಾಲ್ವಿನ ಕನೆಕ್ಟರ್ ಕಿತ್ತು "ಈಗ ಇಜಿಆರ್ ಬಂದ್, ಆದರೂ ಗುಳ್ಳೆ ಬರುತ್ತಿದೆ, ಹಾಗಾದರೆ ಹೆಡ್ಡೇ" ಎನ್ನುವುದು. ವಾಲ್ವ್ ಎಲ್ಲಿದೆ ಎಂಬುದರ ಮೇಲೆ ಅದು ನಿಂತಿದೆ. ವಾಲ್ವ್ ಕೂಲರಿಗಿಂತ ಮುಂಚೆ, ಬಿಸಿ ಬದಿಯಲ್ಲಿದ್ದರೆ ಮುಚ್ಚಿದಾಗ ಕೂಲರಿಗೆ ಎಕ್ಸಾಸ್ಟ್ ತಲುಪುವುದಿಲ್ಲ. ಕೂಲರ್ ದಾಟಿದ ಮೇಲೆ, ತಣ್ಣನೆ ಬದಿಯಲ್ಲಿದ್ದರೆ ವಾಲ್ವ್ ಮುಚ್ಚಿದ್ದರೂ ಕೂಲರ್ ಪೂರ್ತಿ ಎಕ್ಸಾಸ್ಟ್ ಒತ್ತಡದಲ್ಲೇ ಕೂತಿರುತ್ತದೆ. ಆಗ ಕನೆಕ್ಟರ್ ಕಿತ್ತದ್ದರಿಂದ ಏನೂ ತಿಳಿಯಲಿಲ್ಲ.

ಕೂಲರ್ ಬಿಚ್ಚಿ ಮೇಜಿನ ಮೇಲಿಟ್ಟ ಮೇಲೆ ನೀರಿನ ಬದಿಯ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ತಯಾರಕರು ಹೇಳಿದಷ್ಟು ಗಾಳಿ ಒತ್ತಡ ಕೊಟ್ಟು ಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ. ತಣ್ಣೀರಿನಲ್ಲಿ ಏನೂ ಕಾಣಿಸದ ಕೂಲರ್ 80 ಡಿಗ್ರಿ ನೀರಿನಲ್ಲಿ ಸಣ್ಣ ಮಣಿಸರದಂತೆ ಗುಳ್ಳೆ ಬಿಡುವುದನ್ನು ಕಂಡಿದ್ದೇನೆ. ಕೊಳವೆ ಹಿಗ್ಗಿದಾಗ ಮಾತ್ರ ತೆರೆಯುವ ಬಿರುಕು ಅದು. ಕೂಡಲೇ ತೆಗೆಯಬೇಡಿ, ಐದು ನಿಮಿಷ ಬಿಟ್ಟು ನೋಡಿ.

ಕೂಲರ್ ಯಾಕೆ ಒಡೆಯಿತು

ಹೊಸ ಕೂಲರ್ ಹಾಕಿ ಆರೇ ತಿಂಗಳಿಗೆ ಮತ್ತೆ ಬಂದ ಗಾಡಿಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. ಕೂಲರ್ ತಾನಾಗಿ ಸಾಯುವುದು ಅಪರೂಪ. ಹೆಚ್ಚಿನ ಸಲ ನೀರು ಸಾಲದೆ ಸಾಯುತ್ತದೆ.

ಮೇಲಿನ ಎರಡು ಲೀಟರ್ ಎಂಜಿನ್ನಿನ ಉದಾಹರಣೆಗೇ ಬರೋಣ. ಕೂಲರ್ ಮೂಲಕ ನಿಮಿಷಕ್ಕೆ 10 ಲೀಟರ್ ಕೂಲೆಂಟ್ ಹರಿದರೆ ಆ 3.3 ಕಿಲೋವ್ಯಾಟ್ ಅದನ್ನು ಐದಾರು ಡಿಗ್ರಿಯಷ್ಟೇ ಬಿಸಿ ಮಾಡುತ್ತದೆ. ಹರಿವು ಕಟ್ಟಿಕೊಂಡು ಎರಡೂವರೆ ಲೀಟರಿಗೆ ಇಳಿದರೆ ಏರಿಕೆ 20 ಡಿಗ್ರಿ ದಾಟುತ್ತದೆ, 90ರಲ್ಲಿ ಹೊಕ್ಕ ನೀರು 110ರ ಮೇಲೆ ಹೊರಬರುತ್ತದೆ. ಅದು ಸರಾಸರಿ. ಬಿಸಿ ಗ್ಯಾಸ್ ಮೊದಲು ತಾಗುವ ಕೊಳವೆ ಬುಡದಲ್ಲಿ ತಗಡಿನ ಬಿಸಿ ಅದಕ್ಕಿಂತ ಬಹಳ ಮೇಲೆ, ಅಲ್ಲಿ ನೀರು ಕುದಿಯುತ್ತದೆ. ಕುದಿದಲ್ಲಿ ಆವಿಯ ಪದರ, ಪದರದ ಕೆಳಗೆ ತಗಡು ಇನ್ನೂ ಕಾಯುತ್ತದೆ, ಹಿಗ್ಗುತ್ತದೆ, ವಾಲ್ವ್ ಮುಚ್ಚಿದೊಡನೆ ಕುಗ್ಗುತ್ತದೆ. ಸಾವಿರಾರು ಸಲ ಹೀಗಾದರೆ ಬೆಸುಗೆ ಬಿಡುತ್ತದೆ. ಡ್ಯಾಶ್‌ಬೋರ್ಡಿನ ಮುಳ್ಳಿಗೆ ಇದಾವುದೂ ಗೊತ್ತಾಗುವುದಿಲ್ಲ, ಅದರ ಸೆನ್ಸರ್ ಇರುವುದು ಬೇರೆಲ್ಲೋ.

ಇದರ ಪಾಠಕ್ಕೆ ಹೆಸರಾದದ್ದು 2003ರಿಂದ 2007ರವರೆಗೆ ಫೋರ್ಡ್ ಪಿಕಪ್‌ಗಳಲ್ಲಿ ಬಂದ, ನ್ಯಾವಿಸ್ಟಾರ್ ತಯಾರಿಸಿದ 6.0 ಲೀಟರ್ ಪವರ್ ಸ್ಟ್ರೋಕ್ ಡೀಸೆಲ್. ಅದರಲ್ಲಿ ಕೂಲೆಂಟ್ ಮೊದಲು ಆಯಿಲ್ ಕೂಲರಿನ ಕಿರಿದಾದ ಸಂದುಗಳಲ್ಲಿ ಹಾದು ಆಮೇಲೆ ಇಜಿಆರ್ ಕೂಲರಿಗೆ ಹೋಗುತ್ತಿತ್ತು. ಎರಕದ ಮರಳು, ಕೂಲೆಂಟಿನಿಂದ ಬಂದ ಗಸಿ ಆಯಿಲ್ ಕೂಲರಿನಲ್ಲಿ ಕಟ್ಟಿಕೊಂಡರೆ ಹಿಂದಿರುವ ಇಜಿಆರ್ ಕೂಲರಿಗೆ ನೀರಿಲ್ಲ. ಹಾಗಾಗಿ ಆ ಎಂಜಿನ್ನಿನವರು ಆಯಿಲ್ ಬಿಸಿಯನ್ನೂ ಕೂಲೆಂಟ್ ಬಿಸಿಯನ್ನೂ ಒಟ್ಟಿಗೆ ನೋಡುವುದನ್ನು ಕಲಿತರು: ಎಂಜಿನ್ ಪೂರ್ತಿ ಕಾದು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಆಯಿಲ್ ಕೂಲೆಂಟಿಗಿಂತ 15 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 8 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿದ್ದರೆ ಆಯಿಲ್ ಕೂಲರ್ ಕಟ್ಟಿದೆ. ಆ ಅಂಕಿ ಆ ಎಂಜಿನ್ನಿನದು, ನಿಮ್ಮ ಎಂಜಿನ್ನಿಗೆ ಹಾಗೇ ಅಂಟಿಸಬೇಡಿ. ಆಯಿಲ್ ಬಿಸಿ ತೋರಿಸುವ ಯಾವ ಎಂಜಿನ್ನಿಗೂ ಆ ಅಂತರವನ್ನು ಬರೆದಿಟ್ಟು ತಿಂಗಳಿಂದ ತಿಂಗಳಿಗೆ ಹೋಲಿಸುವುದು ಒಳ್ಳೆಯ ರೂಢಿ.

ಬರೀ ನಲ್ಲಿ ನೀರು ಹಾಕಿ ಓಡಿಸುವುದೂ ಅದೇ ಕೆಲಸ ಮಾಡುತ್ತದೆ. ಸುಣ್ಣದ ಅಂಶ ಅತಿ ಬಿಸಿಯಿರುವ ಜಾಗವನ್ನೇ ಹುಡುಕಿಕೊಂಡು ಹೋಗಿ ಕೂರುತ್ತದೆ.

ಸಣ್ಣ ಸೋರಿಕೆ ತಾನೇ ಎಂದು ನೀರು ಸೇರಿಸುತ್ತಾ ಓಡಿಸುವವರಿಗೆ ಒಂದು ಮಾತು. ಜಿನುಗಿದ ಗ್ಲೈಕಾಲ್ ಮಸಿ, ಎಣ್ಣೆ ಜೊತೆ ಸೇರಿ ಹತ್ತಿಕೊಳ್ಳುವ ಪದಾರ್ಥವಾಗುತ್ತದೆ. 2018ರಲ್ಲಿ ಬಿಎಂಡಬ್ಲ್ಯು ತನ್ನ ಡೀಸೆಲ್ ಕಾರುಗಳನ್ನು ವಾಪಸ್ ಕರೆಸಿಕೊಂಡದ್ದು ಇದೇ ಕಾರಣಕ್ಕೆ. ದಕ್ಷಿಣ ಕೊರಿಯಾದಲ್ಲಿ ಕಾರುಗಳಿಗೆ ಬೆಂಕಿ ಹತ್ತಿದ ಮೇಲೆ ಶುರುವಾದ ಆ ಕ್ರಮ ಅಕ್ಟೋಬರ್ ಹೊತ್ತಿಗೆ ಜಗತ್ತಿನಾದ್ಯಂತ 16 ಲಕ್ಷ ಕಾರುಗಳಿಗೆ ಹಬ್ಬಿತು.

ನೀರು ತುಂಬಿದ್ದರೂ ಮುಳ್ಳು ಏರುತ್ತಿದ್ದರೆ

ಇಲ್ಲಿ ನನ್ನ ಮಾತು ಉಲ್ಟಾ: ಇಜಿಆರ್ ಮೇಲೆ ಅಷ್ಟು ಬೇಗ ಹೋಗಬೇಡಿ. ರೇಡಿಯೇಟರ್ ರೆಕ್ಕೆಗಳ ನಡುವಿನ ಧೂಳು, ಇಂಟರ್‌ಕೂಲರಿಗೂ ರೇಡಿಯೇಟರಿಗೂ ನಡುವೆ ಸಿಕ್ಕಿಕೊಂಡ ಕಸ, ಫ್ಯಾನ್ ಕ್ಲಚ್, ನೀರು ಕಾದಾಗ ರೇಡಿಯೇಟರಿನ ದಾರಿ ತೆರೆಯುವ ಥರ್ಮೋಸ್ಟಾಟ್, ವಾಟರ್ ಪಂಪಿನ ಸವೆದ ರೆಕ್ಕೆ, ಇವೇ ಹೆಚ್ಚಿನ ಸಲ ಕಾರಣ.

ಯಾವಾಗ ಏರುತ್ತದೆ ಎಂದು ಕೇಳಿ. ಅನೇಕ ಸಣ್ಣ ಡೀಸೆಲ್‌ಗಳಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇಜಿಆರ್ ಮುಚ್ಚಿರುತ್ತದೆ. ಅಂಥ ಗಾಡಿ ಘಾಟಿಯಲ್ಲಿ ಮಾತ್ರ ಕಾದರೆ ಇಜಿಆರ್ ಶಾಖ ಕಾರಣವಾಗುವುದು ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ಮಾತ್ರ, ಆಗ ಕಪ್ಪು ಹೊಗೆ ಮತ್ತು ಎಳೆತ ಇಲ್ಲದಿರುವುದು ಜೊತೆಗೆ ಬಂದೇ ಬರುತ್ತವೆ. ಹೊಗೆ ಸರಿಯಿದ್ದು, ಎಳೆತ ಸರಿಯಿದ್ದು ಘಾಟಿಯಲ್ಲಿ ಕಾಯುತ್ತಿದ್ದರೆ ರೇಡಿಯೇಟರ್ ಕಡೆ ನಡೆಯಿರಿ. ಭಾರಿ ಎಂಜಿನ್‌ಗಳ ಲೆಕ್ಕ ಬೇರೆ. ಅವುಗಳಲ್ಲಿ ಲೋಡ್‌ನಲ್ಲೂ ಇಜಿಆರ್ ಹರಿಯುವ ವಿನ್ಯಾಸಗಳಿವೆ, ಆ 40 ಕಿಲೋವ್ಯಾಟ್ ಹೊರೆ ನಿಜವಾಗಿ ರೇಡಿಯೇಟರ್ ಮೇಲೆ ಬೀಳುತ್ತದೆ. ಹಳೇ ಎಂಜಿನ್ನಿಗೆ ಸಾಲುತ್ತಿದ್ದ ಅರೆಬರೆ ಕಟ್ಟಿದ ರೇಡಿಯೇಟರ್ ಇಲ್ಲಿ ಸಾಲುವುದಿಲ್ಲ.

ವಾಲ್ವ್ ಸಿಕ್ಕಿಕೊಂಡಿದೆಯೇ ಎಂದು ತಿಳಿಯಲು ಸ್ಕ್ಯಾನರಿನಲ್ಲಿ ಕಂಪ್ಯೂಟರ್ ಹೇಳಿದ ಸ್ಥಾನ, ವಾಲ್ವ್ ನಿಂತ ಸ್ಥಾನ ಎರಡನ್ನೂ ನೋಡಿ. ಅದನ್ನಷ್ಟೇ ನಂಬಬೇಡಿ, ವಾಲ್ವಿನ ತಲೆಗೆ ಮಸಿ ಗಂಟು ಸಿಕ್ಕಿ ಅರೆತೆರೆದಿದ್ದರೂ ಕೆಲವು ಸೆನ್ಸರ್ ಮುಚ್ಚಿದೆ ಎನ್ನುತ್ತವೆ. ಗಾಳಿಯ ಲೆಕ್ಕ ಸುಳ್ಳಾಡುವುದಿಲ್ಲ. ಎರಡು ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಐಡಲ್‌ನಲ್ಲಿ ಇಜಿಆರ್ ಪೂರ್ತಿ ಮುಚ್ಚಿದಾಗ ಪ್ರತಿ ಸ್ಟ್ರೋಕಿಗೆ ಸುಮಾರು 450ರಿಂದ 500 ಮಿಲಿಗ್ರಾಂ ಗಾಳಿ ಎಳೆಯಬೇಕು. ಮುಚ್ಚು ಎಂದು ಆದೇಶ ಕೊಟ್ಟ ಮೇಲೂ ಏರ್ ಫ್ಲೋ ಸೆನ್ಸರ್ 300 ತೋರಿಸುತ್ತಿದ್ದರೆ ಉಳಿದ ಜಾಗವನ್ನು ಎಕ್ಸಾಸ್ಟ್ ಗ್ಯಾಸ್ ತುಂಬುತ್ತಿದೆ, ಇಲ್ಲವೇ ಸೆನ್ಸರೇ ಕೊಳೆಯಾಗಿದೆ. ಹೆಚ್ಚು ಹರಿವಿಗೆ ಪಿ0402, ಕಡಿಮೆ ಹರಿವಿಗೆ ಪಿ0401, ಕೂಲರ್ ಸರಿಯಾಗಿ ತಂಪು ಮಾಡದಿದ್ದರೆ ಪಿ2457 ಎಂಬ ದೋಷದ ಕೋಡ್‌ಗಳು ಸ್ಕ್ಯಾನರಿನಲ್ಲಿ ಸಿಗುತ್ತವೆ.

ಮಸಿ ಕಟ್ಟಿದ ಕೂಲರ್ ಎಂಜಿನ್ ಬಿಸಿ ಮಾಡುತ್ತದೆ ಎಂದು ಹಲವರು ನಂಬಿದ್ದಾರೆ. ಕೂಲೆಂಟಿನ ಮಟ್ಟಿಗೆ ಅದು ತಲೆಕೆಳಗಾದ ಮಾತು. ಮಸಿಯ ಪದರ ಥರ್ಮೋಕೋಲಿನಷ್ಟೇ ಶಾಖ ತಡೆಯುತ್ತದೆ. ಕೊಳವೆಯೊಳಗೆ ಅದು ಬೆಳೆದಷ್ಟೂ ನೀರಿಗೆ ಸೇರುವ ಶಾಖ ಕಡಿಮೆ, ಎಂಜಿನ್ನಿನೊಳಗೆ ಹೋಗುವ ಗ್ಯಾಸ್ ಹೆಚ್ಚು ಬಿಸಿ. ತೊಂದರೆ ಕಾಣುವುದು ನೀರಿನಲ್ಲಲ್ಲ, ಇಂಟೇಕ್ ಬಿಸಿಯಲ್ಲಿ, ಹೊಗೆಯಲ್ಲಿ, ಪದೇ ಪದೇ ಬರುವ ಡಿಪಿಎಫ್ ರೀಜನರೇಷನ್ನಿನಲ್ಲಿ, ಅಂದರೆ ಫಿಲ್ಟರ್ ಹಿಡಿದ ಮಸಿಯನ್ನು ಸುಡುವ ಕೆಲಸದಲ್ಲಿ. ಅಳೆಯುವುದು ಸುಲಭ. ಗ್ಯಾಸ್ ಎಷ್ಟು ಡಿಗ್ರಿ ಇಳಿಯಿತೋ ಅದನ್ನು, ಹೊಕ್ಕ ಗ್ಯಾಸಿಗೂ ಕೂಲೆಂಟಿಗೂ ಇರುವ ವ್ಯತ್ಯಾಸದಿಂದ ಭಾಗಿಸಿ. 450ರಲ್ಲಿ ಹೊಕ್ಕು 150ರಲ್ಲಿ ಹೊರಬಂದರೆ, ಕೂಲೆಂಟ್ 90 ಇದ್ದರೆ, 300 ಭಾಗಿಸು 360, ಅಂದರೆ 0.83. ಒಳ್ಳೆಯ ಕೂಲರ್. ಅದೇ 240ರಲ್ಲಿ ಹೊರಬಂದರೆ 0.58, ಬಿಚ್ಚಿ ತೊಳೆಯುವ ಕಾಲ ಬಂದಿದೆ.

ಎಂಜಿನ್ ಕಾಯುವುದೇ ಇಲ್ಲವೆಂದರೆ

ಥರ್ಮೋಸ್ಟಾಟ್ ತೆರೆದೇ ನಿಂತು ನೀರು 65, 70ರಲ್ಲೇ ಓಡುವ ಗಾಡಿಗಳ ಬಗ್ಗೆ ಯಾರೂ ದೂರುವುದಿಲ್ಲ, "ತಣ್ಣಗಿದೆಯಲ್ಲ" ಎಂಬ ಸಮಾಧಾನ. ಆದರೆ ತಣ್ಣಗಿನ ಕೂಲರ್ ಗೋಡೆಯ ಮೇಲೆ ಉರಿಯದ ಇಂಧನವೂ ನೀರಾವಿಯೂ ಹನಿಗಟ್ಟಿ ಒಣ ಮಸಿಯನ್ನು ಡಾಂಬರು ಮಾಡುತ್ತವೆ. ಇಂಧನದ ಗಂಧಕದಿಂದ ಹುಟ್ಟುವ ಆಮ್ಲ ತಗಡನ್ನು ತಿನ್ನುತ್ತದೆ. ಎಂಜಿನ್ ಸಾಕಷ್ಟು ಕಾಯುತ್ತಿಲ್ಲ ಎನ್ನುವ ಪಿ0128 ಕೋಡ್ ಇದ್ದು ಇಜಿಆರ್ ಕೋಡೂ ಇದ್ದರೆ ಮೊದಲು ಥರ್ಮೋಸ್ಟಾಟ್ ಹಾಕಿ. ಬೈಪಾಸ್ ಪರದೆ ಇರುವ ಕೂಲರ್‌ಗಳಲ್ಲಿ ಅದು ತಣ್ಣನೆ ಸ್ಟಾರ್ಟಿನಲ್ಲಿ ಗ್ಯಾಸನ್ನು ಕೂಲರ್ ತಪ್ಪಿಸಿ ಕಳಿಸುತ್ತಿದೆಯೇ ಎಂದೂ ನೋಡಿ.

ಹೊಸ ಕೂಲರ್ ಕೂರಿಸಿದ ಮೇಲೆ

ಇಜಿಆರ್ ಕೂಲರ್ ಹಲವು ಎಂಜಿನ್‌ಗಳಲ್ಲಿ ಎತ್ತರದ ಜಾಗದಲ್ಲಿರುತ್ತದೆ, ಗಾಳಿ ಸೇರಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಮೇಲಿಂದ ನೀರು ಸುರಿದು ಮುಚ್ಚಳ ಹಾಕಿ ಕಳಿಸಿದರೆ ಅರ್ಧ ಕೂಲರಿನಲ್ಲಿ ಗಾಳಿ, ಅರ್ಧದಲ್ಲಿ ನೀರು. ಮೊದಲ ಏರಿಗೇ ಒಣಗಿದ ಅರ್ಧ ಕಾದು ಬಿರುಕು ಬಿಡುತ್ತದೆ, ಮತ್ತೆ ಬೈಗುಳ ಹೊಸ ಭಾಗಕ್ಕೆ. ವ್ಯಾಕ್ಯೂಮ್ ಫಿಲ್ಲರ್ ಇದ್ದರೆ ಅದನ್ನೇ ಬಳಸಿ: ಮೊದಲು ಗಾಳಿ ಎಳೆದು ಹೋಸ್‌ಗಳು ಚಪ್ಪಟೆಯಾಗಿ ನಿಲ್ಲುತ್ತವೆಯೇ ನೋಡಿ, ನಿಂತರೆ ಸೋರಿಕೆಯ ಪರೀಕ್ಷೆಯೂ ಆದಂತೆ, ಆಮೇಲೆ ಕೂಲೆಂಟ್ ಬಿಡಿ. ಇಲ್ಲದಿದ್ದರೆ ಬ್ಲೀಡ್ ಸ್ಕ್ರೂ ಸಡಿಲಿಸಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ನಿಧಾನವಾಗಿ ತುಂಬಿ. ಥರ್ಮೋಸ್ಟಾಟ್ ತೆರೆದು ಕೆಳಗಿನ ಹೋಸ್ ಬಿಸಿಯಾಗುವವರೆಗೆ ಐಡಲ್‌ನಲ್ಲೇ ಬಿಡಿ, ಕೂಲರಿನ ಹೊರಹೋಗುವ ಹೋಸ್ ಮುಟ್ಟಿದರೆ ಅದೂ ಸಮನಾಗಿ ಬಿಸಿಯಾಗಿರಬೇಕು. ಒಂದು ಬದಿ ಸುಡುತ್ತಿದ್ದು ಇನ್ನೊಂದು ಬೆಚ್ಚಗಷ್ಟೇ ಇದ್ದರೆ ಗಾಳಿ ಇನ್ನೂ ಒಳಗಿದೆ.

ಹಳೇ ನೀರು ಇಂಟೇಕ್ ಮ್ಯಾನಿಫೋಲ್ಡಿನ ತಗ್ಗಿನಲ್ಲೂ ಇಂಟರ್‌ಕೂಲರಿನ ತಳದಲ್ಲೂ ನಿಂತಿರುತ್ತದೆ, ಅದನ್ನು ಬಸಿಯದೆ ಸ್ಟಾರ್ಟ್ ಮಾಡಬೇಡಿ. ಆ ಪಿಕಪ್ಪಿನ ಇಂಟರ್‌ಕೂಲರಿನಿಂದಲೇ ಅರ್ಧ ಲೋಟ ಬಂದಿತ್ತು. ಟ್ಯಾಂಕಿಗೆ ಅಂಟಿಸಿದ ಟೇಪ್ ತೆಗೆಯದೆ ಗಾಡಿ ಕಳಿಸಿದೆ. ಸಾವಿರ ಕಿಲೋಮೀಟರ್ ಆದ ಮೇಲೆ ಅದರ ಡ್ರೈವರ್ ಬಂದು ತೋರಿಸಿದರು, ನೀರು ಟೇಪಿನ ಅಂಚಿನಲ್ಲೇ ನಿಂತಿತ್ತು.